ಸೂರ್ಯನೂ ಸರಿದಿಲ್ಲ, ಬೆಂಚೂ ಸರಿದಿಲ್ಲ

ರೈಟರ್ ಮಾವ,

ಸಮಸ್ತ ಕೊಡಗಿನ ಮಹಾಜನತೆಗೂ, ಸೌರಮಂಡಲದ ಸಕಲ ಗ್ರಹಗಳಿಗೂ, ಈಗ ಎಲ್ಲಿದ್ದೀರೋ ಗೊತ್ತಿಲ್ಲದ ನಿಮಗೂ ಈ ಮೂಲಕ ಸವಿನಯವಾಗಿ ಪ್ರಕಟಿಸುವುದೇನೆಂದರೆ: ಕಳೆದ ಸೋಮವಾರ ನಾನು ಬೆಳಗ್ಗೆ ಆರು ಗಂಟೆಗೆ ಎದ್ದೆ. ಯಾರೂ ಎಬ್ಬಿಸದೆ ಎದ್ದೆ. ಎದ್ದವನು ಮತ್ತೆ ಮಲಗಲಿಲ್ಲ. ಮುಖ ತೊಳೆದು, ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು, ಮಂಜಿನಲ್ಲಿ ಮನೆಯಿಂದ ಹೊರಗೆ ಕಾಲಿಟ್ಟೆ. ಒಲೆ ಹಚ್ಚುತ್ತಿದ್ದ ನನ್ನ ಹೆಂಡತಿ ಸರೋಜ ತಿರುಗಿ ನೋಡಿ, "ಎಂತ, ಜ್ವರವಾ?" ಎಂದಳು. ಸೂರ್ಯೋದಯವೆಂಬುದು ಕ್ಯಾಲೆಂಡರಿನವರು ಚಿತ್ರ ಹಾಕಲು ಮಾಡಿಕೊಂಡ ಏರ್ಪಾಡು ಎಂದು ನಲವತ್ತು ವರ್ಷ ನಂಬಿದ್ದ ಮನುಷ್ಯ ಸೂರ್ಯನನ್ನು ನೋಡಲು ಹೊರಟಿದ್ದ. ಜ್ವರವೇ ಇರಬೇಕು.

ಬಂದದ್ದು ನೆರೆಮನೆಯ ಅಂಗಳಕ್ಕೆ, ನಿಮ್ಮ ಬೆಂಚಿಗೆ. ನೀವಿಲ್ಲದ ನಿಮ್ಮ ಬೆಂಚಿಗೆ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಮಾವ. ಕೂತರೆ ಏಳುತ್ತೇನೆ, ಎದ್ದರೆ ಹಿತ್ತಲ ಬಾಗಿಲಿಗೆ ಹೋಗಿ ಬರೆ ನೋಡುತ್ತೇನೆ. ಮನೆ ಕಟ್ಟಲು ಗುಡ್ಡ ಕಡಿದಾಗ ಹಿಂದೆ ನಿಲ್ಲುತ್ತದಲ್ಲ ಮಣ್ಣಿನ ಗೋಡೆ, ಅದೇ ಬರೆ. ಅದು ಸುಮ್ಮನೆ ನಿಂತಿರುತ್ತದೆ. ಸುಮ್ಮನೆ ನಿಂತಿದೆಯೋ, ಸುಮ್ಮನೆ ನಿಂತ ಹಾಗೆ ಕಾಣುತ್ತಿದೆಯೋ ಎಂದು ಇನ್ನೊಂದು ಸಲ ನೋಡುತ್ತೇನೆ. ಮತ್ತೆ ಒಳಗೆ ಬಂದು ನಗೆ ಅಂಕಣ ಬರೆಯಲು ಕೂರುತ್ತೇನೆ. ಅದು ಎಲ್ಲಿ ಬರಬೇಕು? ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಊರಿಗೆ ನೀವು ರೈಟರ್, ನಾನು ಬರೀ ಬರೆಯುವವನು. ಇಬ್ಬರಲ್ಲಿ ಬರೆದದ್ದು ಸರಿ ಇದೆಯೇ ಎಂದು ಎರಡನೇ ಸಲ ನೋಡುತ್ತಿದ್ದವರು ನೀವೊಬ್ಬರೇ.

ಕಾಫಿ ಎಸ್ಟೇಟಿನಲ್ಲಿ ನೀವು ರೈಟರಾಗಿ ಲೆಕ್ಕ ಬರೆದು, ಮಳೆ ಅಳೆಯುತ್ತಿದ್ದ ಕಾಲದ ಒಂದು ಬೆಳಗ್ಗೆ ನೆನಪಾಗುತ್ತದೆ. ನಮ್ಮ ಕಡೆ ಇಬ್ಬರು ತೋಟದವರು ಎದುರಾದರೆ ಹೆಂಡತಿ ಮಕ್ಕಳು ಹೇಗಿದ್ದಾರೆ ಎಂದು ಕೇಳುವುದಿಲ್ಲ, "ನಿಮ್ಮಲ್ಲಿ ಎಷ್ಟು ಬಿತ್ತು?" ಎಂದೇ ಕೇಳುವುದು. ಇಂಚಿನಲ್ಲಿ, ಇಂಚಿನ ನೂರನೇ ಪಾಲಾದ ಸೆಂಟಿನಲ್ಲಿ ಉತ್ತರ ಬರಬೇಕು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೆ ದಿನ ನಿಮ್ಮ ಮ್ಯಾನೇಜರು ಬಂದು, ಪಕ್ಕದ ಎಸ್ಟೇಟಿಗೆ ಒಂದು ಇಂಚು ಬಿದ್ದಿದೆಯಂತೆ, ನಮ್ಮದು ಎಂಬತ್ತು ಸೆಂಟು ಎಂದು ಬರೆದರೆ ಮರ್ಯಾದೆ ಏನಾಗಬೇಕು, ಒಂದು ಇಂಚು ಎಂದೇ ಬರೆಯಿರಿ ಎಂದರಂತೆ. ನೀವು ಚೊಂಬು ತಂದು ಅವರ ಕೈಗೆ ಕೊಟ್ಟು, "ಸಾರ್, ಬಾಕಿ ಇಪ್ಪತ್ತು ಸೆಂಟು ನೀವೇ ಸುರೀರಿ, ನಾನು ಅಳೀತೇನೆ" ಎಂದಿರಿ. ಅವರು ಸುರಿಯಲಿಲ್ಲ. ನೀವು ಬರೆಯಲಿಲ್ಲ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗ ನನಗೆ ಚೊಂಬು ಮಾತ್ರ ನಗು ತರಿಸಿತ್ತು. ಕಥೆಯ ಉಳಿದ ಭಾಗ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತೇ?

ರಿಟೈರಾದ ಮೇಲೆ ನೀವು ಮಳೆ ಬಿಟ್ಟು ಸೂರ್ಯನನ್ನು ಹಿಡಿದದ್ದು ನಮ್ಮ ಊರಿಗೆ ಬಂದ ಮೊದಲ ವಿಜ್ಞಾನ. ಅಂಗಳದ ಮೂಲೆಯಲ್ಲಿ ಮರದ ಬೆಂಚು, ಬೆಂಚಿನ ಕೈಗೆ ನಿಲ್ಲಿಸಿದ ಹಲಗೆ, ಹಲಗೆಯಲ್ಲಿ ಒಂದು ತೂತು. ತೂತಿಗೆ ಕಣ್ಣಿಟ್ಟರೆ ಎದುರು ದಿಬ್ಬ, ದಿಬ್ಬದ ನೆತ್ತಿಯಲ್ಲಿ ಹಳೆಯ ಗಡಿಕಲ್ಲು, ಅದರ ಹಿಂದೆ ದೂರದ ಗುಡ್ಡದ ಸಾಲು. ನನ್ನನ್ನು ಮೊದಲ ಸಲ ಅಲ್ಲಿ ಕೂರಿಸಿ, ಕೈಗೆ ಪಾರ್ವತಿ ಅತ್ತೆಯ ಎಕ್ಸ್‌ರೇ ಕೊಟ್ಟಿರಿ. ಹೆಂಡತಿಯ ಮೊಣಕಾಲಿನ ಮೂಲಕ ಸೂರ್ಯನನ್ನು ಕಂಡ ಖಗೋಳಜ್ಞರು ಜಗತ್ತಿನಲ್ಲಿ ಇನ್ನೆಷ್ಟು ಜನ ಇದ್ದಾರು? ಅತ್ತೆ ಒಳಗಿನಿಂದ, "ಕಣ್ಣೂ ಹೋಗ್ತದೆ, ನನ್ನ ಎಕ್ಸ್‌ರೇನೂ ಹೋಗ್ತದೆ, ಡಾಕ್ಟ್ರು ಕೇಳಿದ್ರೆ ಎಂತ ಹೇಳೂದು?" ಎಂದು ಕೂಗುತ್ತಿದ್ದರು. ಆಗ ಸೂರ್ಯ ಗುಡ್ಡ ದಾಟಿ ಬಂದ, ಸರಿಯಾಗಿ ಗಡಿಕಲ್ಲಿನ ತಲೆಯ ಮೇಲೆ, ಕುಂಕುಮ ಇಟ್ಟ ಹಾಗೆ. "ಡಿಸೆಂಬರ್ ಮೂರನೇ ವಾರ ಇವ ನಾಲ್ಕೈದು ದಿನ ಇಲ್ಲೇ ಹುಟ್ತಾನೆ" ಎಂದಿರಿ. "ಇದಕ್ಕಿಂತ ಬಲಕ್ಕೆ ಹೋಗೂದಿಲ್ಲ. ಆಮೇಲೆ ಎಡಕ್ಕೆ ತಿರುಗ್ತಾನೆ. ವರ್ಷಾ ವರ್ಷ ಇದೇ ಜಾಗ."

ಆ ಮಾತಿಗೆ ದೇವಸ್ಥಾನದ ಭಟ್ಟರು ನಿಮ್ಮ ಮೇಲೆ ಮುನಿಸಿಕೊಂಡದ್ದೂ ನೆನಪಿದೆ. ಸಂಕ್ರಾಂತಿ ಬರುವುದು ಜನವರಿಯಲ್ಲಿ. ಸೂರ್ಯ ತಿರುಗುವುದು ಸಂಕ್ರಾಂತಿಗೆ. ಹಾಗಿರುವಾಗ ಮೂರು ವಾರ ಮೊದಲೇ ತಿರುಗಲು ಅವನಿಗೆ ಅಪ್ಪಣೆ ಕೊಟ್ಟವರು ಯಾರು? ನಾನು ಪಕ್ಕದಲ್ಲಿ ನಿಂತು, ಪಂಚಾಂಗವೇ ಸುಳ್ಳು ಎಂದು ನೀವು ಹೇಳುವಿರಿ, ನನಗೊಂದು ಅಂಕಣವಾಗುತ್ತದೆ ಎಂದು ಕಾದೆ. ನೀವು ಭಟ್ಟರನ್ನು ಬೆಂಚಿನ ಮೇಲೆ ಕೂರಿಸಿ ಕಾಫಿ ತರಿಸಿದಿರಿ. "ಸುಳ್ಳಲ್ಲ ಭಟ್ಟರೇ. ನಿಮ್ಮ ಹಿರಿಯರು ನೋಡಿಯೇ ಬರೆದದ್ದು. ಅವರ ಕಾಲದಲ್ಲಿ ಅದು ಸರಿಯೇ ಇತ್ತು. ಆಮೇಲಿನವರು ಬರೆದದ್ದನ್ನ ನೋಡಿದ್ರು, ಸೂರ್ಯನನ್ನ ನೋಡಲಿಲ್ಲ, ಅಷ್ಟೇ." ಭಟ್ಟರು ಕಾಫಿ ಕುಡಿದು, ತೂತಿನಲ್ಲಿ ಇಣುಕಿ, "ಮೋಡ ಉಂಟು" ಎಂದು ಎದ್ದು ಹೋದರು. ಹಳೆಯ ಕಾಲದ ನಕ್ಷತ್ರ ನೋಡುವವರ ಬಗ್ಗೆ ಅವತ್ತು ನೀವು ತುಂಬಾ ಹೊತ್ತು ಮಾತಾಡಿದಿರಿ. ಅವರ ಹತ್ತಿರ ದುರ್ಬೀನು ಇರಲಿಲ್ಲ. ಒಂದು ಕೋಲು, ಅದರ ನೆರಳು, ಮತ್ತೆ "ನಿನ್ನೆ ಹೇಳಿದ್ದು ತಪ್ಪಾಯ್ತು" ಎನ್ನಲು ನಾಚದ ನಾಲಿಗೆ. ಕೋಲು ಎಲ್ಲರ ಮನೆಯಲ್ಲೂ ಉಂಟು, ಆ ನಾಲಿಗೆ ಸಿಗೂದು ಕಷ್ಟ ಎಂದಿರಿ. ನನ್ನ ಕಡೆ ನೋಡಿ ಹೇಳಲಿಲ್ಲ. ನೋಡಿ ಹೇಳಿದ್ದರೆ...

ಗಡಿಕಲ್ಲಿನ ಆ ದಿಬ್ಬದ ಎಡಬದಿಯ ಬುಡದಲ್ಲಿ ನಾನು ಮನೆಗೆ ಜಾಗ ಮಾಡಿಸಿದ ದಿನವೂ ನೀವು ಬಂದಿದ್ದಿರಿ. ಜೇಸಿಬಿಯವನು ಬೆಣ್ಣೆ ಕಡಿದ ಹಾಗೆ ಮಣ್ಣು ಕಡಿಯುತ್ತಿದ್ದ. ನಾನು ಹೊಸ ಅಂಗಿ ಹಾಕಿಕೊಂಡು, ಗುಡ್ಡವನ್ನೇ ಗೆದ್ದ ಸೇನಾಪತಿಯಂತೆ ನಿಂತಿದ್ದೆ. ನೀವು ಛತ್ರಿಯ ತುದಿಯಿಂದ ಬರೆಯನ್ನು ಚುಚ್ಚಿ ನೋಡಿ, "ಹಿಂದೆ ಎಷ್ಟು ಬಿಟ್ಟಿದ್ದಿ?" ಎಂದು ಕೇಳಿದಿರಿ.

"ಆರಡಿ, ಮಾವ."

"ಬರೆ ಎಷ್ಟು ಎತ್ತರ?"

"ಇಪ್ಪತ್ತು ಇರಬಹುದು."

"ಇಪ್ಪತ್ತಡಿ ಮಣ್ಣು ಬಿದ್ರೆ ಆರಡಿಯಲ್ಲಿ ಹಿಡೀತದಾ?"

"ಬೀಳುವ ಮಣ್ಣಲ್ಲ ಮಾವ ಇದು, ಗಟ್ಟಿ ಉಂಟು."

"ಯಾರು ಹೇಳಿದ್ರು?"

"ಜೇಸಿಬಿಯವ."

ನೀವು ಜೇಸಿಬಿಯವನನ್ನು ಒಮ್ಮೆ ನೋಡಿದಿರಿ. ಅವನು ಬೀಡಿ ಹಚ್ಚಿಕೊಂಡು ತಲೆಯಾಡಿಸಿದ. ಅಲ್ಲಿಗೆ ಭೂವಿಜ್ಞಾನದ ಗೋಷ್ಠಿ ಮುಗಿಯಿತು. ಮನೆ ಎದ್ದಿತು. ಸಾಲದ ಕಂತೂ ಎದ್ದಿತು. ಗೋಣಿಕೊಪ್ಪಲಿನ ಕಾಲೇಜು ಆಫೀಸಿನಲ್ಲಿ ಕೆಲಸ ಮಾಡುವ ಸರೋಜ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು, ನಾನು ಬರೆಯ ತಂಪಿನಲ್ಲಿ ಕೂತು ಲೋಕಕ್ಕೆ ಬುದ್ಧಿ ಹೇಳುತ್ತಿದ್ದೆ.

ಮನೆ ಕಟ್ಟಿದ ಮೂರನೆಯ ಡಿಸೆಂಬರಿನಲ್ಲಿ ನೀವು ನೋಟುಪುಸ್ತಕ ಹಿಡಿದು ನಮ್ಮ ಜಗಲಿಗೆ ಬಂದಿರಿ. ಸರೋಜ ಆಗ ಏಳು ತಿಂಗಳ ಬಸುರಿ. ನೀವು ಅವಳು ಒಳಗೆ ಹೋಗುವವರೆಗೆ ಕಾದು, ಪುಸ್ತಕ ಬಿಡಿಸಿದಿರಿ. ನನ್ನ ಮನೆ ಏಳುವ ಮೊದಲು ಏಳು ಡಿಸೆಂಬರ್ ಸೂರ್ಯ ಕಲ್ಲಿನ ನೆತ್ತಿಯ ಮೇಲೆಯೇ ಹುಟ್ಟಿದ್ದ. ಬರೆ ಕಡಿದ ಮೊದಲ ವರ್ಷವೂ ಅಲ್ಲೇ. ಎರಡನೆಯ ವರ್ಷ ಕಲ್ಲಿನಿಂದ ಬಲಕ್ಕೆ ಅರ್ಧ ಸೂರ್ಯನಗಲ. ಈ ವರ್ಷ ಪೂರ್ತಿ ಒಂದು ಸೂರ್ಯನಗಲ.

"ಸೂರ್ಯ ಜಾರಿದನಾ, ಮಾವ?"

"ಸೂರ್ಯ ಜಾರಿದ್ರೆ ಲೋಕವೆಲ್ಲ ಬೊಬ್ಬೆ ಹೊಡೀತಿತ್ತು. ನನ್ನ ಅಂಗಳ ಬಂಡೆ ಮೇಲುಂಟು. ಬಾವಿ ತೋಡ್ಲಿಕ್ಕೆ ಹೋಗಿ ಮೂರಡಿಗೆ ಹಾರೆ ಮುರಿದದ್ದು ನೀನೇ ನೋಡಿದ್ದಿ. ಇನ್ನು ಯಾರು ಉಳಿದ್ರು?"

"ಯಾರು?"

"ಕಲ್ಲು. ಕಲ್ಲು ನಿಂತ ಮಣ್ಣು. ಹಗ್ಗ ಹಿಡಿದು ಅಳ್ದಿದ್ದೇನೆ, ಬೆಂಚಿನಿಂದ ಕಲ್ಲಿಗೆ ನೂರ ಹದಿನೈದು ಅಡಿ. ಅಷ್ಟು ದೂರದಲ್ಲಿ ಒಂದು ಸೂರ್ಯನಗಲ ಅಂದ್ರೆ ಒಂದು ಅಡಿ. ಕಲ್ಲು ಒಂದಡಿ ಎಡಕ್ಕೆ ಹೊರಟಿದೆ." ಎಡಕ್ಕೆ ಎಂದರೆ ನಮ್ಮ ಅಡುಗೆಮನೆಯ ಕಡೆಗೆ.

ಆ ಕ್ಷಣ ನಾನು ಏನು ಮಾಡಬೇಕಿತ್ತು? ಕತ್ತಿ ತೆಗೆದುಕೊಂಡು ದಿಬ್ಬ ಹತ್ತಿ, ಪೊದೆ ಸವರಿ ನೋಡಬೇಕಿತ್ತು. ಹತ್ತು ನಿಮಿಷದ ಕೆಲಸ. ನಾನು ಒಳಗೆ ಹೋಗಿ ಅಂಕಣ ಬರೆದೆ. ದಾರಿ ತಪ್ಪಿದ ಸೂರ್ಯನೊಬ್ಬ ನಮ್ಮೂರಿನ ಬೆಂಚೊಂದಕ್ಕೆ ಬಂದು ಕ್ಷಮೆ ಕೇಳುವ ಅಂಕಣ. ನಿಮ್ಮ ಹೆಸರು ಹಾಕಲಿಲ್ಲ. ಹಾಕಬೇಕಾದ ಅಗತ್ಯವೂ ಇರಲಿಲ್ಲ, ಸೂರ್ಯನಿಗೆ ಹಾಜರಿ ಹಾಕುವ ರಿಟೈರ್ಡ್ ರೈಟರು ಜಿಲ್ಲೆಗೆ ಒಬ್ಬರೇ. ಕುಟ್ಟಪ್ಪಣ್ಣನ ಹೋಟೆಲಿನಲ್ಲಿ ಅದನ್ನು ಜೋರಾಗಿ ಓದಿದರು. ಮಾರನೆ ದಿನ ನೀವು ಹಾಲು ತರಲು ಹೋದಾಗ ಹೋಟೆಲಿನಲ್ಲಿ ಕೂತಿದ್ದವರು, "ರೈಟರೇ, ಇವತ್ತು ಆಸಾಮಿ ಡ್ಯೂಟಿಗೆ ಬಂದನಾ, ಹಾಫ್ ಡೇ ಲೀವಾ?" ಎಂದು ಕೇಳಿದರು. ನೀವು ನಕ್ಕಿರಿ. "ಬಂದ, ಬಂದ. ಒಂದಡಿ ಲೇಟು" ಎಂದಿರಿ. ನಿಮಗೆ ನೋವಾಯಿತೇ ಎಂದು ನಾನು ಯಾವತ್ತೂ ಕೇಳಲಿಲ್ಲ.

ಇನ್ನು ಬರುವುದು ನೀವು ಎಂದೂ ಕೇಳಿರದ ಭಾಗ. ಅಂಕಣ ಬಂದ ಮೇಲೂ ನೀವು ಬಿಡಲಿಲ್ಲ, ಪಂಚಾಯಿತಿಗೆ ಹೇಳುತ್ತೇನೆ ಎಂದಿರಿ. ಪಂಚಾಯಿತಿಯವರು ಬಂದು ನೋಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮಳೆಗಾಲಕ್ಕೆ ಮನೆ ಬಿಡಿ ಎನ್ನುತ್ತಾರೆ. ಮೂರು ವರ್ಷದ ಹೊಸ ಮನೆ, ಕೂಸು ಬರುವ ಮನೆ. ನೀವು ಸಂತೆಗೆ ಹೋದ ಹೊತ್ತು ನೋಡಿ ನಾನು ಅತ್ತೆಯ ಹತ್ತಿರ ಹೋದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಬಹಳ ವೈಜ್ಞಾನಿಕವಾಗಿ ಶುರು ಮಾಡಿದೆ.

"ಅತ್ತೆ, ನಿಮ್ಮ ಮೆಣಸಿನ ಬಳ್ಳಿ ಫಸಲಿಗೆ ಬಂದದ್ದು ಯಾವಾಗ?"

"ಆಯ್ತಲ್ಲ, ಎರಡು ಮೂರು ವರ್ಷ."

"ಒಣಗಿಸೂದು ಅಂಗಳದಲ್ಲೇ ಅಲ್ವಾ?"

"ಮತ್ತೆ ತಲೆ ಮೇಲೆ ಒಣಗಿಸೂದಾ?"

"ಹಾಗಾದ್ರೆ ಮಾರ್ಚಿನಲ್ಲಿ ಬೆಂಚು ಅಡ್ಡ ಬರ್ತದೆ. ನೀವು ಸ್ವಲ್ಪ ಸರಿಸಿರಬಹುದು. ಮತ್ತೆ ಇಡುವಾಗ ಅದೇ ಜಾಗದಲ್ಲೇ ಇಟ್ಟಿದ್ದೀರಿ ಅಂತ ಹೇಗೆ ಹೇಳೂದು?"

ಅತ್ತೆ ಅಕ್ಕಿಯಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಆ ಮುಖದಲ್ಲಿ ಏನು ಕಂಡರೋ. "ಇರಬಹುದಪ್ಪ" ಎಂದರು.

ಅಷ್ಟೇ, ಮಾವ. ಆ ಒಂದು "ಇರಬಹುದು" ನನ್ನ ಕಿಸೆಗೆ ಬಿತ್ತು. ಅದನ್ನು ನಿಮ್ಮ ಅಂಗಳದಿಂದ ನಮ್ಮ ಮನೆಗೆ ತರುವ ದಾರಿಯಲ್ಲೇ "ಸರಿಸಿದ್ದಾರಂತೆ" ಎಂದು ಮಾಡಿಕೊಂಡೆ. ಸಂಜೆ ನೀವು ಬಂದಾಗ ನಿಮ್ಮ ಮುಂದೆ ಇಟ್ಟೆ. ನೀವು ಅತ್ತೆಯ ಕಡೆ ತಿರುಗಿ, "ಹೌದಾ? ಸರಿಸಿದ್ಯಾ?" ಎಂದು ಕೇಳಿದಿರಿ. ಅತ್ತೆ ನಿಮ್ಮನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ "ಹೂಂ" ಎಂದರು. ಸತ್ಯಕ್ಕೆ ನಾನು ಮಾಡಿದ ಕೆಲಸ ನೋಡಿ. ಮ್ಯಾನೇಜರಿಗೆ ಇಪ್ಪತ್ತು ಸೆಂಟು ಸುರಿಯಲು ಕೈ ಬರಲಿಲ್ಲ. ನಾನು ಇಡೀ ಚೊಂಬು ಸುರಿದೆ.

ಮರುದಿನ ಬೆಳಗ್ಗೆ ಕುಟ್ಟಪ್ಪಣ್ಣನ ಹೋಟೆಲಿನಲ್ಲಿ ನೀವು ಎದ್ದು ನಿಂತದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಗ್ಲಾಸು ಕೆಳಗಿಟ್ಟು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಕೈ ಹಿಂದೆ ಕಟ್ಟಿಕೊಂಡಿರಿ. "ನಾನು ಹೇಳಿದ್ದು ತಪ್ಪು. ಬೆಂಚು ಸರಿದಿತ್ತು. ಬರೆ ಸರಿದಿದೆ ಅಂತ ನಾನು ಹೇಳಿದ್ದನ್ನ ಎಲ್ಲರೂ ಬಿಟ್ಟುಬಿಡಿ" ಎಂದಿರಿ. ಯಾರೂ ನಗಲಿಲ್ಲ. ತಪ್ಪೊಪ್ಪಿಕೊಂಡವನನ್ನು ನೋಡಿ ಹೇಗೆ ನಗುವುದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಎರಡನೆಯ ಅಂಕಣಕ್ಕೆ ವಿಷಯ ಸಿಕ್ಕಿತು. ನಿಮ್ಮ ವಿನಯವನ್ನು ಹೊಗಳಿ ಬರೆದೆ. ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವೇ ವಿಜ್ಞಾನ ಎಂದೆಲ್ಲ ಬರೆದೆ. ನೀವು ಅದನ್ನು ಓದಿ, "ಭಾಷೆ ಚೆಂದ ಉಂಟು" ಎಂದಿರಿ. ನನ್ನ ಬರವಣಿಗೆಗೆ ಸಿಕ್ಕ ಬಹುಮಾನಗಳಲ್ಲಿ ಅದೊಂದನ್ನು ನಾನು ವಾಪಸು ಕೊಡಬೇಕಾಗಿದೆ.

ನಮ್ಮ ಮಗಳು ಹುಟ್ಟಿದಾಗ ನೀವು ಬಂದು, ಅವಳ ಮುಷ್ಟಿಯೊಳಗೆ ಬೆರಳಿಟ್ಟು ಕೂತಿದ್ದಿರಿ. ಯಾವ ನಕ್ಷತ್ರ ಎಂದು ಯಾರೋ ಕೇಳಿದರೆ, "ನಕ್ಷತ್ರ ಮೇಲೆ ಉಂಟು, ಇವಳು ಇಲ್ಲಿದ್ದಾಳೆ, ಇಬ್ಬರಿಗೂ ಇನ್ನೂ ಪರಿಚಯ ಆಗಲಿಲ್ಲ" ಎಂದಿರಿ. ಹೋಗುವಾಗ ಹಿತ್ತಲಿಗೆ ಹೋಗಿ ಬರೆಯನ್ನು ಒಮ್ಮೆ ನೋಡಿದಿರಿ. ಏನೂ ಹೇಳಲಿಲ್ಲ. ಹೇಳುವ ಹಕ್ಕನ್ನು ನಾನೇ ಕಿತ್ತುಕೊಂಡಿದ್ದೆನಲ್ಲ. ಅದೇ ವರ್ಷ ಆಷಾಢದ, ನಮ್ಮ ಆಟಿ ತಿಂಗಳ, ಮಳೆಯಲ್ಲಿ ನೀವು ಎದೆನೋವೆಂದು ಮಲಗಿದವರು ಏಳಲಿಲ್ಲ. ಸಂತಾಪ ಸಭೆಯಲ್ಲಿ ನಾನು ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಮುಂದಿನ ಡಿಸೆಂಬರ್ ಬಂತು, ಹೋಯಿತು, ಯಾರೂ ತೂತಿಗೆ ಕಣ್ಣಿಡಲಿಲ್ಲ.

ಈಗ ಇನ್ನೊಂದು ಡಿಸೆಂಬರ್ ಬಂದಿದೆ, ಕಳೆದ ಭಾನುವಾರದ ಮಾತು ಇದು. ನಿಮ್ಮ ಮಗಳು ಅಳಿಯ ಕಾಫಿ ಕೊಯ್ಲಿಗೆ ತೋಟಕ್ಕೆ ಹೋಗಿದ್ದರು, ಅಂಗಳದಲ್ಲಿ ಕಾಫಿ ಹರಡಲು ಅತ್ತೆಗೆ ಕೈ ಜೋಡಿಸಲು ನಾನು ಹೋಗಿದ್ದೆ. ಬೆಂಚು ಅಡ್ಡ ಇತ್ತು. ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ, ನನ್ನ ಸೊಂಟ ಬಂತು, ಬೆಂಚು ಬರಲಿಲ್ಲ.

"ಅದು ಬರೂದಿಲ್ಲ, ಬಿಡು" ಎಂದರು ಅತ್ತೆ. "ನಾಲ್ಕು ಕಾಲಿಗೂ ಮೊಳೆ ಹೊಡೆದಿದ್ದಾರೆ ನಿನ್ನ ಮಾವ."

"ಯಾವಾಗ?"

"ಆವತ್ತು ಹೋಟೆಲಿನಿಂದ ಬಂದವರು ಅದೇ ಕೆಲಸ ಮಾಡಿದ್ದು. ಊಟಕ್ಕೆ ಕರೆದ್ರೂ ಬರಲಿಲ್ಲ. ಟಕ್ ಟಕ್ ಅಂತ ಮಧ್ಯಾಹ್ನದವರೆಗೆ."

ನಾನು ಬಗ್ಗಿ ನೋಡಿದೆ. ಸಿಮೆಂಟಿಗೆ ಹೊಡೆಯುವ ದಪ್ಪ ಮೊಳೆಗಳು, ಒಂದೊಂದು ಕಾಲಿಗೆ ಮೂರು ಮೂರು, ತುಕ್ಕು ಹಿಡಿದು ಕೂತಿವೆ. ಆಗ ಅತ್ತೆ ಕಾಫಿ ಕೆದಕುತ್ತಲೇ, ನಿನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಎಂಬ ದನಿಯಲ್ಲಿ ಹೇಳಿದರು: "ಅದಕ್ಕೂ ಮೊದಲು ನಾನೆಂತೂ ಅದನ್ನ ಮುಟ್ಟಿದವಳಲ್ಲ. ಈ ಮೊಣಕಾಲು ಇಟ್ಟುಕೊಂಡು ಬೆಂಚು ಎತ್ತೂದಾ? ಮೆಣಸಿನ ಚಾಪೆಯನ್ನೇ ಬೆಂಚಿನ ಸುತ್ತ ಹಾಸ್ತಿದ್ದೆ."

"ಮತ್ತೆ ಹೂಂ ಅಂದ್ರಲ್ಲ ಅತ್ತೆ."

"ನೀ ಕೇಳಿದ ರೀತಿಗೆ ಬೇರೆ ಎಂತ ಹೇಳೂದು? ಸರೋಜಂಗೆ ಏಳು ತಿಂಗಳು. ನಿನ್ನ ಮುಖ ಒಂದು ಥರ ಇತ್ತು. ಇವರಿಗೆ ಒಂದು ತಪ್ಪು ಹೊತ್ರೆ ಎಂತ ಆಗ್ತದೆ, ಹೊರ್ಲಿ ಅಂತ ಹೇಳಿದೆ. ಹೊತ್ರು. ಆದ್ರೆ ಆವತ್ತಿನಿಂದ ನನ್ನ ಹತ್ರ ಸೂರ್ಯನ ಮಾತು ಆಡಲಿಲ್ಲ." ಕೈ ಒರೆಸಿಕೊಂಡು, "ಅದೊಂದು ಹೇಳಬೇಕಿತ್ತು ಅವರಿಗೆ" ಎಂದು ಒಳಗೆ ಹೋಗಿ ನಿಮ್ಮ ನೋಟುಪುಸ್ತಕ ತಂದುಕೊಟ್ಟರು.

ಕೊನೆಯ ಪುಟ ಓದಿದೆ. ಎಸ್ಟೇಟಿನ ಆಳುಗಳ ಹಾಜರಿ ಬರೆಯುತ್ತಿದ್ದ ನಿಮ್ಮ ಚೆಕ್‌ರೋಲ್ ಅಕ್ಷರದಲ್ಲೇ ಇದೆ. "ಬೆಂಚು ಸರಿದಿದೆ ಎಂದು ಸಾಕ್ಷಿ ಬಂದಿದೆ. ಹಿಂದಿನದು ರದ್ದು. ಇಂದು ಬೆಂಚಿಗೆ ಮೊಳೆ ಹೊಡೆದಿದೆ. ಇನ್ನು ಬೆಂಚಿನ ಮೇಲೆ ಅನುಮಾನ ಬೇಡ. ಇಂದಿನ ಸೂರ್ಯ ಕಲ್ಲಿನಿಂದ ಬಲಕ್ಕೆ ಒಂದು ಅಗಲ. ಇದನ್ನೇ ಸೊನ್ನೆ ಎಂದು ಹಿಡಿಯುವುದು. ಬರುವ ಡಿಸೆಂಬರಿನಲ್ಲಿ ನೋಡುವುದು." ಮಾವ, ನೀವು ಸೋತು ಮನೆಗೆ ಹೋದಿರಿ ಎಂದು ನಾನು ತಿಳಿದಿದ್ದೆ. ನೀವು ಹೋಗಿ ಸುತ್ತಿಗೆ ಹುಡುಕಿದ್ದಿರಿ. ನಿಮ್ಮ ಮಾತು ನಿಲ್ಲಬೇಕೆಂದು ಅಲ್ಲ. ನಿಲ್ಲುತ್ತದೋ ಬೀಳುತ್ತದೋ ಮುಂದಿನ ಸಲ ಯಾರ ಮಾತಿನ ಹಂಗೂ ಇಲ್ಲದೆ ತಿಳಿಯಲಿ ಎಂದು. ಇಷ್ಟು ಮಾಡಿಟ್ಟು ಆ ಡಿಸೆಂಬರಿಗೆ ನೀವೇ ಇರಲಿಲ್ಲವಲ್ಲ...

ಸೋಮವಾರ ಆರಕ್ಕೆ ಎದ್ದದ್ದು ಅದಕ್ಕೆ. ಮಂಜು ಇತ್ತು. ಏಳಾಯ್ತು, ಏಳೂ ಕಾಲಾಯ್ತು. ಅತ್ತೆ ಒಂದು ಲೋಟ ಬೆಲ್ಲದ ಕಾಫಿ ತಂದು ಪಕ್ಕದಲ್ಲಿಟ್ಟು, ಎಕ್ಸ್‌ರೇಯನ್ನೂ ಇಟ್ಟು, ಅಲ್ಲೇ ನಿಂತರು. ಆಮೇಲೆ ಅವನು ಬಂದ. ಕಲ್ಲಿನ ನೆತ್ತಿಯಲ್ಲಿ ಅಲ್ಲ, ಒಂದು ಅಗಲ ಬಲಕ್ಕೂ ಅಲ್ಲ. ಎರಡೂವರೆ. ನಾನು ಕಣ್ಣುಜ್ಜಿ ನೋಡಿದೆ, ಎರಡೂವರೆ. ನೀವು ಹೇಳಿಕೊಟ್ಟ ಹಾಗೆ ಮಾರನೆ ದಿನವೂ ಹೋದೆ, ಅದರ ಮಾರನೆ ದಿನವೂ ಹೋದೆ. ಮೊದಲ ದಿನ ನನಗೆ ಎರಡೂವರೆ ಬೇಡವಾಗಿತ್ತು, ಹಾಗಾಗಿ ನನ್ನ ಕಣ್ಣಿನ ಮೇಲೆ ನಂಬಿಕೆ ಇರಲಿಲ್ಲ. ಮೂರನೆಯ ದಿನಕ್ಕೆ ನಾನು ಮೊಳೆಗಳ ಮೇಲೆ ಅನುಮಾನಪಟ್ಟೆ, ಬಂಡೆಯ ಮೇಲೆ ಪಟ್ಟೆ, ಕೊನೆಗೆ ಸೂರ್ಯನ ಮೇಲೂ ಪಡಲು ತಯಾರಾದೆ. ಇಷ್ಟು ಕೋಟಿ ವರ್ಷ ಸರಿಯಾಗಿ ಬಂದವನು ಈ ಸಲ ನನ್ನ ಸಲುವಾಗಿ ಸ್ವಲ್ಪ ತಪ್ಪಬಾರದೇ? ನೋಡಿ, ಸತ್ಯವನ್ನು ಒಪ್ಪುವ ಮೊದಲು ಮನುಷ್ಯ ಎಷ್ಟು ದೂರ ಓಡುತ್ತಾನೆ. ಸೂರ್ಯನವರೆಗೂ ಓಡುತ್ತಾನೆ.

ಓಟ ನಿಲ್ಲಿಸಿದವಳು ಸರೋಜ. ನಾನು ಎಲ್ಲ ಹೇಳಿದೆ, ಅತ್ತೆಯ "ಇರಬಹುದು" ಸಮೇತ. ಅವಳು ಕೇಳಿ ಮುಗಿಸಿ, ಮಗಳನ್ನು ನನ್ನ ಕಂಕುಳಿಗೆ ಕೊಟ್ಟು, ಕತ್ತಿ ತೆಗೆದುಕೊಂಡು ದಿಬ್ಬ ಹತ್ತಿದಳು. ನಾನು ಕೆಳಗಿನಿಂದ, "ಜಾಗ್ರತೆ" ಎಂದು ಸಲಹೆ ಕೊಟ್ಟೆ. ಕಲ್ಲಿನಿಂದ ಸ್ವಲ್ಪ ಮೇಲೆ ಅವಳು ಜರಿಗಿಡ ಸವರುವುದು ಕೇಳಿಸಿತು. ಸದ್ದು ನಿಂತಿತು.

"ಇಲ್ಲಿ ಬಿರುಕುಂಟು" ಎಂದಳು ಮೇಲಿನಿಂದ.

"ಎಷ್ಟು?"

"ನನ್ನ ಕೈ ಹೋಗ್ತದೆ."

"ಬೆರಳಾ?"

"ಕೈ. ಮೊಣಕೈವರೆಗೆ. ಉದ್ದಕ್ಕೆ ಹೋಗಿದೆ, ಆ ಸಿಲ್ವರ್ ಓಕ್ ಮರದವರೆಗೆ." ಕೆಳಗೆ ಬಂದು ಕತ್ತಿಯ ಮಣ್ಣು ಒರೆಸುತ್ತ, "ಮಗಳು ಮಲಗೂದು ಹಿಂದಿನ ಕೋಣೆಯಲ್ಲಿ" ಎಂದಳು. "ಮಳೆಗಾಲ ಇಲ್ಲಿ ಆಗಲಿಕ್ಕಿಲ್ಲ. ಹೋಗುವ."

"ಎಲ್ಲಿಗೆ?"

"ಅದನ್ನ ನೀವು ಬರೀರಿ. ಬರೆಯೂದು ನಿಮಗೆ ಬರ್ತದಲ್ಲ."

ಮಗಳ ಮಂಚವನ್ನು ಅವತ್ತೇ ಎದುರಿನ ಕೋಣೆಗೆ ತಂದೆವು. ಪಂಚಾಯಿತಿಗೆ ನಾನೇ ಅರ್ಜಿ ಕೊಟ್ಟೆ, ನಿಮ್ಮ ನೋಟುಪುಸ್ತಕದ ನಕಲು ಇಟ್ಟು. ಆಮೇಲೆ ಕುಟ್ಟಪ್ಪಣ್ಣನ ಹೋಟೆಲಿಗೆ ಹೋದೆ. ನಿಮ್ಮ ಹಾಗೆಯೇ ಗ್ಲಾಸು ಕೆಳಗಿಟ್ಟು ಎದ್ದು ನಿಂತೆ. "ರೈಟರ್ ಮಾವ ಹೇಳಿದ್ದು ಸರಿ. ಬೆಂಚು ಸರಿದಿರಲಿಲ್ಲ. ಅತ್ತೆಯ ಬಾಯಲ್ಲಿ ಸುಳ್ಳು ಹೇಳಿಸಿದವನು ನಾನು. ಬರೆ ಜಾರ್ತಾ ಉಂಟು" ಎಂದೆ. ಮೂಲೆಯಿಂದ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಕುಟ್ಟಪ್ಪಣ್ಣ ಕಣ್ಣೀರು ಒರೆಸಿಕೊಳ್ಳುತ್ತ, "ಎಂತ ಮಾರಾಯ, ಅಂಕಣಕ್ಕೆ ಮೊದಲು ಇಲ್ಲಿ ಟ್ರಯಲ್ಲಾ? ಸತ್ತವರನ್ನೂ ಬಿಡೂದಿಲ್ಲ ನೀನು" ಎಂದು ಬೆನ್ನು ತಟ್ಟಿದರು. ನಾನು ಮತ್ತೆ ಹೇಳಿದೆ. ಮತ್ತೆ ನಕ್ಕರು. ಇಪ್ಪತ್ತು ವರ್ಷ ಕಷ್ಟಪಟ್ಟು ಸಂಪಾದಿಸಿದ ಹೆಸರು, ಮಾವ. ಬರೆ ಬಿತ್ತು ಎಂದು ನಾನು ಬೊಬ್ಬೆ ಹೊಡೆದರೂ ಚಪ್ಪಾಳೆ ಬರುತ್ತದೆ.

ಆದ್ದರಿಂದ ನಿಮಗೆ ಸುದ್ದಿ ಇದು: ನೀವು ಸರಿ ಇದ್ದಿರಿ. ಏಳು ಡಿಸೆಂಬರ್ ಸರಿ, ಆಮೇಲಿನ ಮೂರೂ ಸರಿ. ರದ್ದು ಎಂದು ಗೀಟು ಹಾಕಿದ ಸಾಲುಗಳ ಕೆಳಗೆ ನಾನು ಈ ಸಲದ ಲೆಕ್ಕ ಬರೆದಿದ್ದೇನೆ, ಅತ್ತೆ ಪಕ್ಕದಲ್ಲಿ ತಮ್ಮ ಸಹಿ ಹಾಕಿದ್ದಾರೆ. ನಿಮ್ಮ ಮೇಲೆ ಬರೆದ ಎರಡೂ ಅಂಕಣಗಳನ್ನು, ಹೊಗಳಿದ್ದನ್ನು ಮೊದಲಾಗಿ, ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಾವು ಎಲ್ಲಿಗೆ ಹೋದರೂ ಡಿಸೆಂಬರ್ ಮೂರನೇ ವಾರ ಬಂದು ತೂತಿಗೆ ಕಣ್ಣಿಡುತ್ತೇನೆ. ಬರೆ ಅಷ್ಟರಲ್ಲಿ ಬಿದ್ದಿದ್ದರೆ ಬಿತ್ತು ಎಂದು ಬರೆಯುತ್ತೇನೆ. ಬೀಳದಿದ್ದರೆ ಬಿದ್ದಿಲ್ಲ ಎಂದು ಬರೆಯುತ್ತೇನೆ. ಯಾವುದಾದರೂ ಆಗಲಿ, ಬೇಕಾದ್ದನ್ನು ಬರೆಯುವುದಿಲ್ಲ.

ಒಂದು ನಿಮಿಷ ಇರಿ ಮಾವ, ನಿಮ್ಮ ಹಿಂದೆ ನಿಂತು ಈ ಪತ್ರ ಓದುತ್ತಿರುವವರ ಹತ್ತಿರ ಸ್ವಲ್ಪ ಮಾತಾಡಬೇಕು. ಓದುಗರೇ, ಇಲ್ಲಿಯವರೆಗೆ ನಕ್ಕಿದ್ದರೆ ಅಡ್ಡಿಯಿಲ್ಲ, ಇನ್ನು ಮುಂದಿನದಕ್ಕೆ ನಗಬೇಡಿ. ಗೋಣಿಕೊಪ್ಪಲಿನ ಸುತ್ತಮುತ್ತ ನಮಗೊಂದು ಬಾಡಿಗೆ ಮನೆ ಬೇಕು. ಕಾಡಂಚಿನ ತಿತಿಮತಿಯ ಕಡೆ ಆದರೂ ಆದೀತು, ಆನೆ ಬಂದರೆ ಕನಿಷ್ಠ ಸದ್ದಾದರೂ ಆಗುತ್ತದೆ. ಎರಡು ಕೋಣೆ ಸಾಕು. ನಾವು ಮೂವರು, ಒಂದು ನಾಯಿ. ಬೆಳಗಿನ ಬಸ್ಸಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ನಲ್ಲಿ ಸೋರಿದರೆ, ಬಾಗಿಲು ಕಿರುಗುಟ್ಟಿದರೆ ನಾವೇ ಸರಿಮಾಡಿಕೊಳ್ಳುತ್ತೇವೆ. ಅಂಥ ಮನೆ ನಿಮಗೆ ಗೊತ್ತಿದ್ದರೆ ಪತ್ರಿಕೆಯ ಆಫೀಸಿಗೆ ಒಂದು ಕಾರ್ಡು ಬರೆದು ಹಾಕಿ. ಹಾಕುವ ಮೊದಲು ದಯವಿಟ್ಟು ಒಮ್ಮೆ ಆ ಮನೆಯ ಹಿಂದಕ್ಕೆ ಹೋಗಿ, ಅಲ್ಲಿ ಏನಿದೆ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ ಬನ್ನಿ.